ಬಿಳಿ ಮನೆಯಿಂದ ಬಿಳಿ ಕಲ್ಲಿಗೆ

ಉತ್ತರ ಫ್ರಾನ್ಸಿನ ಒಂದು ಸಣ್ಣ ಊರಿನ ಹೊರಗೆ, ಕಾಡಿನ ಅಂಚಿನ ರಸ್ತೆಯಲ್ಲಿ ನಡೆಯುತ್ತಿದ್ದಾಗ ಮೊದಲು ಕಂಡದ್ದು ಒಂದು ಮನೆ. ಬುಡದಿಂದ ಮಾಡಿನವರೆಗೂ ಬಿಳಿ. ಹಿಂದೆ ಅರಣ್ಯ ಕಾವಲುಗಾರನ ಇಟ್ಟಿಗೆ ಮನೆಯಾಗಿದ್ದದ್ದು 2011ರಲ್ಲಿ ಸ್ಮಾರಕವಾಯಿತು. ಅದರ ಮಾಡು ತೆರೆದ ಪುಸ್ತಕವನ್ನು ಬೋರಲು ಹಾಕಿದ ಹಾಗಿದೆ. ಓದುತ್ತಿದ್ದವರು ಯಾರೋ ಕರೆದರೆಂದು ಪುಟದ ಗುರುತಿಗೆ ಹಾಗೇ ಮಗುಚಿಟ್ಟು ಎದ್ದುಹೋದಂತೆ.

ಬಾಗಿದ ಇಳಿಜಾರಿನಲ್ಲಿ ನೆಲಮಾಳಿಗೆಗೆ ಇಳಿದೆ. ಪಕ್ಕದ ಗೋಡೆಯುದ್ದಕ್ಕೂ ಒಂದು ಪತ್ರದ ಸಾಲುಗಳಿವೆ. ನೆಲಮಾಳಿಗೆಗೆ ಮಾತ್ರ ಬಿಳಿ ಬಳಿದಿಲ್ಲ. ಇಟ್ಟಿಗೆಯ ಮೇಲಿನ ಕಪ್ಪು ಹೊಗೆಯದೋ ತೇವದ್ದೋ ನನಗೆ ತಿಳಿಯಲಿಲ್ಲ. 1918ರ ಅಕ್ಟೋಬರ್ 31ರಂದು ಇಪ್ಪತ್ತೈದು ವರ್ಷದ ಕಾಲ್ದಳದ ಲೆಫ್ಟಿನೆಂಟ್ ಒಬ್ಬ ಇಲ್ಲಿ ಕೂತು ತಾಯಿಗೆ ಬರೆದ. ಸಿಪಾಯಿಗಳ ನಗು, ಕಣ್ಣು ಬಿಡಲಾಗದ ಹೊಗೆ, ಇಲ್ಲಿ ಅಪಾಯವೇನೂ ಇಲ್ಲವೆಂಬ ಸಮಾಧಾನ, ಎಲ್ಲ ಆ ಪತ್ರದಲ್ಲಿವೆ. ಅದೇ ಅವನ ಕೊನೆಯ ಪತ್ರ.

ಕಾಲೇಜಿನಲ್ಲಿ ಇಂಗ್ಲಿಷ್ ಕವಿತೆ ಓದಿದವರಿಗೆ ಅವನ ಹೆಸರು ಹೊಳೆದೀತು. ಫ್ರಾನ್ಸಿನಲ್ಲೇ ಇಂಗ್ಲಿಷ್ ಹೇಳಿಕೊಡುತ್ತಿದ್ದವನು 1915ರಲ್ಲಿ ಸೈನ್ಯ ಸೇರಿದ. 1917ರಲ್ಲಿ ಶೆಲ್ ಶಾಕ್ ಆಗಿ ಎಡಿನ್‌ಬರೊದ ಆಸ್ಪತ್ರೆಗೆ ಹೋದ. ಅಲ್ಲಿ ಅವನ ಕವಿತೆ ಬಲಿಯಿತು. ಆದರೂ 1918ರಲ್ಲಿ ಮತ್ತೆ ರಣರಂಗಕ್ಕೇ ಬಂದ. ತಾಯಿಯನ್ನು ಕೊನೆಯ ಸಲ ಬಿಟ್ಟು ಹೊರಡುವಾಗ ಅವನು ಹೇಳಿದ್ದು ನಮ್ಮ 'ಗೀತಾಂಜಲಿ'ಯ ಒಂದು ಸಾಲು. ಅವನ ಕಿಸೆಪುಸ್ತಕದಲ್ಲೂ ಅದನ್ನೇ ಬರೆದುಕೊಂಡಿದ್ದ. 1920ರಲ್ಲಿ ಆ ತಾಯಿ 'ಗೀತಾಂಜಲಿ'ಯ ಕವಿಗೇ ಇದನ್ನು ಪತ್ರದಲ್ಲಿ ತಿಳಿಸಿದರು. ಮನೆಯಿಂದ ಹೊರಬರುವಾಗ ನನ್ನ ತಲೆಯಲ್ಲಿ ಅದೇ ಇತ್ತು.

ಅಲ್ಲಿಂದ, ಅವನ ಕೊನೆಯ ಕಾಳಗ ನಡೆದ ಕಾಲುವೆಗೆ ಬಂದೆ. ಅಗಲವಾದ ಹೊಳೆಯನ್ನು ನಿರೀಕ್ಷಿಸಿದ್ದೆ. ಆದರೆ ಈಜು ಬಲ್ಲ ಹುಡುಗ ಹತ್ತಿಪ್ಪತ್ತು ಸಲ ಕೈಬೀಸಿದರೆ ಆಚೆ ದಡ ಮುಟ್ಟುವಷ್ಟೇ ಅಗಲ. ನವೆಂಬರ್ 4ರ ಬೆಳಗಿನ ಜಾವ, ಎದುರು ದಡದಿಂದ ಮೆಷಿನ್‌ಗನ್ ಗುಂಡು ಸುರಿಯುತ್ತಿರುವಾಗ, ಇಲ್ಲಿ ಬೆಂಡಿನ ತೆಪ್ಪಗಳನ್ನು ಜೋಡಿಸಿ ಸೇತುವೆ ಹಾಕಲು ಹೊರಟಿದ್ದರು. ಅವನದೇ ಬೆಟಾಲಿಯನ್ನಿನ, ಅವನಿಗಿಂತಲೂ ಚಿಕ್ಕ ಇನ್ನೊಬ್ಬ ಅಧಿಕಾರಿ ತೆಪ್ಪದ ಮೇಲೆ ಮೆಷಿನ್‌ಗನ್ ಹೊತ್ತು ನೀರಿಗಿಳಿದು, ಉಳಿದವರಿಗೆ ಮರೆಯಾಗಿ ಗುಂಡು ಹಾರಿಸುತ್ತಲೇ ಸತ್ತ. ನಮ್ಮ ಕವಿಯೂ ಆ ದಾಟುವಿಕೆಯಲ್ಲೇ ಬಿದ್ದ. ಎಲ್ಲಿ ಬಿದ್ದಿರಬಹುದೆಂದು ದಡದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದು ನೋಡಿದೆ, ಅಂದಾಜು ಸಿಗಲಿಲ್ಲ. ಸರಿಯಾಗಿ ಒಂದು ವಾರಕ್ಕೆ ಯುದ್ಧ ನಿಂತಿತು. ಅತ್ತ ತಾಯಿಯ ಊರಿನಲ್ಲಿ ಚರ್ಚಿನ ಗಂಟೆಗಳು ಶಾಂತಿಯನ್ನು ಸಾರುತ್ತಿದ್ದಾಗಲೇ ಅವನ ಸಾವಿನ ತಂತಿ ಮನೆಗೆ ಬಂತು.

ಊರವರ ಸ್ಮಶಾನದ ಒಂದು ಮೂಲೆಯಲ್ಲಿ ಸೈನಿಕರ ಬಿಳಿ ಕಲ್ಲುಗಳಿವೆ. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆ. ಹಿಂದಿನ ಸಾಲಿನಲ್ಲಿ ಅವನ ಕಲ್ಲು ಸಿಕ್ಕಿತು. ಕೆಳಗೆ ತಾಯಿ ಆರಿಸಿದ, ಅವನದೇ ಕವಿತೆಯ ಮಾತು. ಸತ್ತವರು ಮರಳಿ ಬದುಕುತ್ತಾರೆಯೇ, ಸಾವು ನಿಜವಾಗಿ ಅಳಿಯುತ್ತದೆಯೇ ಎಂದು ಕವಿತೆ ಎರಡು ಬಾರಿ ಕೇಳುತ್ತದೆ. ಮುಂದಿನ ಭಾಗದಲ್ಲಿ ಉತ್ತರವೂ ಇದೆ, ಅದು ಇಲ್ಲ ಎಂಬ ಉತ್ತರ. ಕಲ್ಲಿನ ಮೇಲೆ ಮೊದಲ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿದಿದೆ. ಎರಡನೆಯದು ನಡುವೆಯೇ ಕಡಿದುಹೋಗಿ, ಪ್ರಶ್ನಾರ್ಥಕ ಚಿಹ್ನೆಯನ್ನೂ ಕಳೆದುಕೊಂಡು, ಸಾವು ಅಳಿಯುತ್ತದೆ ಎಂಬ ಭರವಸೆಯಾಗಿಬಿಟ್ಟಿದೆ.

ಇದನ್ನು ಮೊದಲು ಓದಿದ್ದಾಗ ನನಗೆ ಸಿಟ್ಟು ಬಂದಿತ್ತು, ಮಗನ ಮಾತನ್ನು ತಿರುಚಿದರಲ್ಲ ಎಂದು. ಕಲ್ಲಿನ ಮುಂದೆ ನಿಂತಾಗ ಆ ಸಿಟ್ಟು ಉಳಿಯಲಿಲ್ಲ. ಕವಿತೆ ಅವನದು, ಕಲ್ಲು ತಾಯಿಯದು. ಆ ತಂತಿಯನ್ನು ಕೈಯಲ್ಲಿ ಹಿಡಿದವರು ಅವರು.

ಅವನ ಎಡಬಲದಲ್ಲಿ ಇಬ್ಬರು ಸಾಮಾನ್ಯ ಸಿಪಾಯಿಗಳು ಮಲಗಿದ್ದಾರೆ. ಅವರ ಹೆಸರುಗಳನ್ನೂ ಒಮ್ಮೆ ಬಾಯಿಬಿಟ್ಟು ಓದಿ ಹೊರಟೆ.