ಜೋಡಿ ಪ್ರೊಸೆಸರ್ ಇದ್ದರೆ ಸ್ವಿಚ್ ನಿಲ್ಲುವುದೇ ಇಲ್ಲವೇ?

ಕರೆಗಳನ್ನು ಜೋಡಿಸುವ ಸ್ವಿಚ್, ಅಂದರೆ ಟೆಲಿಫೋನ್ ಎಕ್ಸ್‌ಚೇಂಜ್ ಬಗ್ಗೆ ತುಂಬ ಜನ ನಂಬಿರುವ ಮಾತೊಂದಿದೆ: ಒಂದು ಪ್ರೊಸೆಸರ್ ಕೆಟ್ಟರೆ ಪಕ್ಕದಲ್ಲೇ ಇನ್ನೊಂದು ಸಿದ್ಧವಾಗಿರುತ್ತದೆ, ಹಾಗಾಗಿ ಸೇವೆ ನಿಲ್ಲುವ ಪ್ರಶ್ನೆಯೇ ಇಲ್ಲ. ಕೆಟ್ಟಿದ್ದು ಯಂತ್ರವೇ ಆಗಿದ್ದರೆ ಈ ಮಾತು ಬಹುಮಟ್ಟಿಗೆ ನಿಜ. 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶುರುವಾದ ಒನ್ ಇಎಸ್‌ಎಸ್ ಎಕ್ಸ್‌ಚೇಂಜಿನಲ್ಲಿ ಎರಡು ಪ್ರೊಸೆಸರ್‌ಗಳು ಒಂದೇ ಲೆಕ್ಕವನ್ನು ಜೊತೆಜೊತೆಗೆ ಮಾಡಿ ಉತ್ತರ ತಾಳೆ ನೋಡುತ್ತಿದ್ದವು. ತಾಳೆಯಾಗದಿದ್ದರೆ ಕೆಟ್ಟದ್ದನ್ನು ಪತ್ತೆಹಚ್ಚಿ ಕೆಲಸದಿಂದ ಬಿಡಿಸಲಾಗುತ್ತಿತ್ತು. 40 ವರ್ಷಕ್ಕೆ 2 ಗಂಟೆಗಿಂತ ಹೆಚ್ಚು ನಿಲ್ಲಬಾರದು ಎಂಬುದು ಅದರ ಗುರಿ.

ತಪ್ಪು ಸಾಫ್ಟ್‌ವೇರಿನಲ್ಲೇ ಇದ್ದರೆ ಜೋಡಿಯಿಂದ ಏನೂ ಪ್ರಯೋಜನವಿಲ್ಲ. ಎರಡೂ ಓದುವುದು ಒಂದೇ ಪ್ರೋಗ್ರಾಂ. 1990ರ ಜನವರಿ 15ರಂದು ಎಟಿ ಅಂಡ್ ಟಿ ಕಂಪನಿಯ ದೂರದ ಕರೆಗಳ ಜಾಲಕ್ಕೆ ಆದದ್ದು ಇದೇ. ನ್ಯೂಯಾರ್ಕಿನ ಒಂದು ಸ್ವಿಚ್ ಸಣ್ಣ ದೋಷ ಕಂಡು, ‘ಸದ್ಯಕ್ಕೆ ನನಗೆ ಕರೆ ಕಳಿಸಬೇಡಿ’ ಎಂದು ನೆರೆಯ ಸ್ವಿಚ್‌ಗಳಿಗೆ ತಿಳಿಸಿ, ಕೆಲವೇ ಸೆಕೆಂಡುಗಳಲ್ಲಿ ತನ್ನನ್ನು ತಾನೇ ಸರಿಪಡಿಸಿಕೊಂಡಿತು. ಅಲ್ಲಿಗೆ ಮುಗಿಯಬೇಕಿತ್ತು. ಅದು ಮತ್ತೆ ಕರೆ ಕಳಿಸತೊಡಗಿದಾಗ ‘ಓ, ಇದು ಮರಳಿದೆ’ ಎಂದು ನೆರೆಯ ಸ್ವಿಚ್‌ಗಳು ತಮ್ಮ ಪಟ್ಟಿ ತಿದ್ದಲು ಕೂತವು. ಆ ತಿದ್ದುವಿಕೆ ಮುಗಿಯುವ ಮುನ್ನವೇ, ಸೆಕೆಂಡಿನ ನೂರನೇ ಒಂದು ಭಾಗದಷ್ಟು ಅಂತರದಲ್ಲಿ, ಎರಡನೇ ಕರೆಯ ಸಂದೇಶ ಬಂದರೆ ಮಾಹಿತಿ ಕಲಸಿಹೋಗುತ್ತಿತ್ತು. ಸಿ ಭಾಷೆಯ ಕೋಡಿನಲ್ಲಿ ಒಂದು ‘ಬ್ರೇಕ್’ ಆದೇಶ ಇರಬಾರದ ಕಡೆ ಇತ್ತು, ಅಷ್ಟೇ. ಗಾಬರಿಯಾದ ಪ್ರೊಸೆಸರ್ ಕೆಲಸ ಬಿಟ್ಟಿತು. ಜೊತೆಗಾರ ಪ್ರೊಸೆಸರ್ ಕೂಡ ಅದೇ ಕೋಡಿಗೆ ಎಡವಿತು. ಹಾಗೆ ಬಿದ್ದ ಪ್ರತಿ ಸ್ವಿಚ್ ಏಳುವಾಗ ಸುತ್ತಲಿನವನ್ನು ಬೀಳಿಸಿತು. 114 ಸ್ವಿಚ್‌ಗಳ ಜಾಲ ಸುಮಾರು 9 ಗಂಟೆ ತತ್ತರಿಸಿ, ಕೋಟಿಗಟ್ಟಲೆ ಕರೆಗಳು ಸಿಗದೇ ಹೋದವು. ಆ ಕೋಡ್ ಬಂದದ್ದು ಕೆಲವೇ ವಾರಗಳ ಹಿಂದೆ, ಅದೂ ಸ್ವಿಚ್ ಬೇಗ ಚೇತರಿಸಿಕೊಳ್ಳಲೆಂದು. ಎಂಜಿನಿಯರ್‌ಗಳು ಸಂದೇಶಗಳ ದಟ್ಟಣೆ ತಗ್ಗಿಸಿದ ಮೇಲೆಯೇ ಜಾಲ ಸುಧಾರಿಸಿತು. ಒಂದೊಂದು ಪ್ರೊಸೆಸರೂ ಗಟ್ಟಿಮುಟ್ಟಾಗಿಯೇ ಇತ್ತು; ಅವುಗಳ ನಡುವಿನ ಮಾತುಕತೆ ಕೆಟ್ಟಿತ್ತು.

ಪ್ರೊಸೆಸರ್ ಎಂಟಾದರೆ ವೇಗವೂ ಎಂಟು ಪಟ್ಟು ಎನ್ನುವುದು ಇನ್ನೊಂದು ನಂಬಿಕೆ. ಆದರೆ ಖಾಲಿ ಇರುವ ಒಂದೇ ಲೈನಿಗೆ ಎರಡು ಪ್ರೊಸೆಸರ್‌ಗಳು ಒಟ್ಟಿಗೆ ಕೈಹಾಕಿದರೆ ಒಂದು ಕಾಯಲೇಬೇಕು. ಇಂಥ ಸರದಿಯ ಕೆಲಸ ಒಟ್ಟಾರೆಯಲ್ಲಿ ಹತ್ತರಲ್ಲಿ ಒಂದು ಪಾಲಿದ್ದರೆ, ಸಾವಿರ ಪ್ರೊಸೆಸರ್ ಜೋಡಿಸಿದರೂ ವೇಗ 10 ಪಟ್ಟು ದಾಟದು. 1967ರಲ್ಲಿ ಜೀನ್ ಅಮ್ಡಾಲ್ ಮುಂದಿಟ್ಟ ವಾದದ ಸಾರ ಇದು.

ಇಂದಿನ ಇಂಟರ್‌ನೆಟ್ ರೌಟರುಗಳ ವಿಷಯದಲ್ಲೂ ಇಂಥದೇ ತಪ್ಪು ಎಣಿಕೆಯಿದೆ: ಬಿಡುವಿರುವ ಪ್ರೊಸೆಸರಿಗೆ ಮುಂದಿನ ಪ್ಯಾಕೆಟ್ (ಮಾಹಿತಿಯ ತುಣುಕು) ಕೊಟ್ಟರಾಯಿತು ಎಂದು. ಹಾಗೆ ಹಂಚಿದರೆ ತಡವಾಗಿ ಬಂದದ್ದು ಮೊದಲು ಹೊರಟೀತು. ಪ್ಯಾಕೆಟ್‌ಗಳನ್ನು ಕ್ರಮವಾಗಿ ತಲುಪಿಸುವ ಟಿಸಿಪಿ ನಿಯಮಾವಳಿ, ಕ್ರಮ ತಪ್ಪಿದ ಪ್ಯಾಕೆಟ್ ಕಳೆದೇಹೋಯಿತೆಂದು ಭಾವಿಸಿ ಮತ್ತೆ ಕಳಿಸುತ್ತದೆ, ವೇಗವನ್ನೂ ಇಳಿಸುತ್ತದೆ. ಅದಕ್ಕೇ ವಿಳಾಸ, ಪೋರ್ಟ್ ಸಂಖ್ಯೆಗಳಿಂದ ಲೆಕ್ಕಹಾಕಿ, ಒಂದು ಸಂಪರ್ಕದ ಎಲ್ಲ ಪ್ಯಾಕೆಟ್‌ಗಳನ್ನೂ ಒಂದೇ ಪ್ರೊಸೆಸರಿಗೆ ಕಳಿಸುವ ರೂಢಿ ಇದೆ. ಪಕ್ಕದ್ದು ಖಾಲಿ ಕೂತಿದ್ದರೂ ಸರಿಯೇ.