ಬೇಸಿಗೆಯ ರಜೆಯಲ್ಲಿ ಮಕ್ಕಳೊಡನೆ ಹೊರಸಂಚಾರ



ಯುಗಾದಿ ಕಳೆದು ಹೊಂಗೆಯ ಮರಗಳು ತಳಿರು ಹೂಗಳಿಂದ ತುಂಬುವ ಹೊತ್ತಿಗೆ ಶಾಲೆಗಳಿಗೆ ಬೇಸಿಗೆಯ ರಜೆ ಬರುತ್ತದೆ. ಆದರೆ ತಂದೆತಾಯಿಗಳ ದುಡಿಮೆಗೆ ರಜೆಯಿಲ್ಲ. ಮುಂಗಾರಿಗೆ ಹೊಲ ಹಸನು ಮಾಡಬೇಕು, ಗೊಬ್ಬರ ಸಾಗಿಸಬೇಕು, ಹೈನು ನೋಡಿಕೊಳ್ಳಬೇಕು. ನಡುವೆ ನೆಂಟರಿಷ್ಟರ ಮದುವೆಗಳ ಓಡಾಟ. ಇಂತಹ ಬಿಡುವಿಲ್ಲದ ಸಂಸಾರವು ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಹೇಗೆ? ಕರೆದೊಯ್ದ ಮಕ್ಕಳನ್ನು ಸುಖವಾಗಿ ಮನೆಗೆ ಕರೆತರುವುದು ಹೇಗೆ? ಇದಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಹೊರಡುವ ಹೊತ್ತು, ಕುಡಿಯುವ ನೀರು, ಮಕ್ಕಳ ಮೇಲಿನ ಕಣ್ಣು – ಈ ಮೂರನ್ನು ಕುರಿತು ಗಂಡಹೆಂಡಿರು ಮೊದಲೇ ಮಾತನಾಡಿಕೊಂಡರೆ ಸಾಕು.

ಬಿಡುವಿಲ್ಲದ ಒಂದು ಸಂಸಾರ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ಮಹಾಲಕ್ಷ್ಮಿ ಲೇಔಟ್ ನಿಮ್ಮಲ್ಲಿ ಕೆಲವರಿಗಾದರೂ ಪರಿಚಿತವಾಗಿರಬಹುದು. ನಿಮ್ಮ ಅಣ್ಣನೋ ತಂಗಿಯೋ ದುಡಿಮೆಗಾಗಿ ಅಲ್ಲಿಗೆ ಹೋಗಿ ನೆಲೆಸಿರಬಹುದು. ಅಂತಹ ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಗಂಡ ಪೀಣ್ಯದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಾನೆ. ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುತ್ತಾಳೆ. ಮಕ್ಕಳಿಬ್ಬರು. ವಾರದಲ್ಲಿ ಇಬ್ಬರಿಗೂ ಬಿಡುವಿರುವುದು ಭಾನುವಾರ ಮಾತ್ರ.

ಒಂದು ಭಾನುವಾರ ಸೂರ್ಯ ಮೇಲೇರುವ ಮೊದಲೇ ನಾಲ್ವರೂ ಸಮೀಪದ ಬಂಡೆಗುಡ್ಡವನ್ನು ಹತ್ತಿ, 22 ಅಡಿ ಎತ್ತರದ ಪ್ರಸನ್ನ ವೀರಾಂಜನೇಯ ಸ್ವಾಮಿಯ ದರ್ಶನ ಪಡೆಯುತ್ತಾರೆ. ಮತ್ತೊಂದು ಭಾನುವಾರ ಮೆಟ್ರೋ ರೈಲು ಹಿಡಿದು ಲಾಲ್‌ಬಾಗಿಗೆ ಹೋಗುತ್ತಾರೆ. ಮಹಾಲಕ್ಷ್ಮಿ ನಿಲ್ದಾಣವು 2014ರಲ್ಲಿ ತೆರೆಯಿತು. 2017ರಲ್ಲಿ ಅದೇ ಹಸಿರು ಮಾರ್ಗವು ಲಾಲ್‌ಬಾಗಿನವರೆಗೂ ಮುಂದುವರಿಯಿತು. ಹಾಗಾಗಿ ನಡುವೆ ರೈಲು ಬದಲಿಸಬೇಕಾಗಿಲ್ಲ. ಹೈದರಾಲಿಯ ಕಾಲದಲ್ಲಿ ಆರಂಭವಾದ ಆ ತೋಟವು ಇಂದು ಸುಮಾರು 240 ಎಕರೆಗಳಷ್ಟಿದೆ. ಅಲ್ಲಿಯ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಮಕ್ಕಳು ಬಂಡೆಯನ್ನು ಹತ್ತಿ, ಕೆಂಪೇಗೌಡರ ಗೋಪುರವನ್ನು ನೋಡಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ಹತ್ತೂವರೆಯ ಹೊತ್ತಿಗೆ ಎಲ್ಲರೂ ಮನೆ ಸೇರಿರುತ್ತಾರೆ.

ನಿಮ್ಮೂರಿನಲ್ಲಿ ಗುಡ್ಡ, ತೋಪು, ಕೆರೆಯ ಏರಿ, ಗ್ರಾಮದೇವತೆಯ ಗುಡಿ ಇವುಗಳಲ್ಲಿ ಒಂದಾದರೂ ಇಲ್ಲದಿರುವುದುಂಟೇ? 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಮೈ ದಣಿಯುವಂತೆ ಆಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಓಟ, ಹತ್ತುವಿಕೆಗಳಿಂದ ಮೂಳೆ ಮತ್ತು ಸ್ನಾಯುಗಳು ಬಲಗೊಳ್ಳುತ್ತವೆ. ಮೊಬೈಲಿನ ಪರದೆಯಿಂದ ಬಿಡುಗಡೆ ಹೊಂದಿ ಹೊರಗಿನ ಬೆಳಕಿನಲ್ಲಿ ಕಾಲ ಕಳೆಯುವುದು ಕಣ್ಣಿಗೂ ಹಿತ.

ಹೊತ್ತು ನೋಡಿ ಹೊರಡಿರಿ

ಬೆಂಗಳೂರು ತಂಪಾದ ಊರೆಂದು ಹೆಸರಾಗಿದ್ದರೂ 2016ರ ಏಪ್ರಿಲ್ 24ರಂದು ಅಲ್ಲಿಯ ಉಷ್ಣತೆಯು 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ರಾಯಚೂರು, ಕಲಬುರಗಿಗಳ ಕಡೆಯ ಬಿಸಿಲನ್ನು ಹೇಳುವುದೇ ಬೇಡ. ಮಕ್ಕಳ ಮೈ ದೊಡ್ಡವರ ಮೈಗಿಂತ ಬೇಗ ಕಾಯುತ್ತದೆ. ಆಟದ ಭರದಲ್ಲಿ ಅವರಿಗೆ ಬಾಯಾರಿಕೆಯ ಅರಿವೂ ಇರುವುದಿಲ್ಲ. ಆದ್ದರಿಂದ ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮೊದಲೇ ಹಿಂದಿರುಗಬೇಕು. ಇಲ್ಲವೇ ಸಂಜೆ ಹೊರಡಬೇಕು. ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ನೆರಳಿನಲ್ಲಿಯೇ ಇರಬೇಕು. ತೆಳುವಾದ ಹತ್ತಿಯ ಬಟ್ಟೆ, ತಲೆಗೆ ಟೋಪಿ ಅಥವಾ ಟವೆಲು, ಕಾಲಿಗೆ ಚಪ್ಪಲಿ ಅಗತ್ಯ. ಗರ್ಭಿಣಿಯರು ಮತ್ತು ವೃದ್ಧರು ಬಿಸಿಲಿನಲ್ಲಿ ದೂರ ನಡೆಯಬಾರದು.

ನೀರು ಮತ್ತು ಬುತ್ತಿ

ಶ್ರೀರಾಮನವಮಿಯಂದು ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುವ ನಮ್ಮ ಪದ್ಧತಿಯು ಋತುವಿಗೆ ತಕ್ಕದ್ದು. ಬೆವರಿನ ಮೂಲಕ ನೀರಿನೊಡನೆ ಉಪ್ಪೂ ನಷ್ಟವಾಗುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆ, ರಾಗಿ ಅಂಬಲಿ, ಎಳನೀರುಗಳು ಆ ನಷ್ಟವನ್ನು ತುಂಬಲು ನೆರವಾಗುತ್ತವೆ. ಕುದಿಸಿ ಆರಿಸಿದ ನೀರನ್ನು ಮನೆಯಿಂದಲೇ ಒಯ್ಯಿರಿ. ಮಗು ಕೇಳುವವರೆಗೆ ಕಾಯದೆ ಆಗಾಗ್ಗೆ ಕುಡಿಸಿರಿ. ಚಿತ್ರಾನ್ನ, ಸೌತೆಕಾಯಿ, ಬಾಳೆಹಣ್ಣುಗಳ ಬುತ್ತಿ ಒಳ್ಳೆಯದು. ಬೀದಿಯಲ್ಲಿ ಕತ್ತರಿಸಿ ತೆರೆದಿಟ್ಟ ಹಣ್ಣನ್ನೂ ಬಣ್ಣದ ಐಸನ್ನೂ ಮಕ್ಕಳಿಗೆ ಕೊಡಿಸಬೇಡಿರಿ.

ಆರು ತಿಂಗಳು ತುಂಬದ ಕೂಸಿಗೆ ಬೇಸಿಗೆಯಲ್ಲಿಯೂ ತಾಯಿಯ ಹಾಲೊಂದೇ ಸಾಕು, ನೀರು ಕುಡಿಸಬಾರದು. ಮೊಲೆಯೂಡುವುದನ್ನು ಹೆಚ್ಚಿಸಿದರಾಯಿತು. ಹಾಲೂಡಿಸುವ ತಾಯಿ ಮಾತ್ರ ಹೆಚ್ಚು ನೀರು ಕುಡಿಯಬೇಕು.

ಸಂಚಾರದ ಬಳಿಕ ಮಗುವಿಗೆ ಭೇದಿಯಾದರೆ ಒಂದು ಪೊಟ್ಟಣ ಓ.ಆರ್.ಎಸ್. ಪುಡಿಯನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಿರಿ. ಪುಡಿ ದೊರೆಯದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿರಿ. ಉಪ್ಪು ಈ ಅಳತೆಯನ್ನು ಮೀರಬಾರದು. ಭೇದಿ ನಿಲ್ಲದಿದ್ದರೆ, ಅಥವಾ ಮಗು ಮಂಕಾಗಿ ಕುಡಿಯಲಾರದಾದರೆ, ವೈದ್ಯರ ಬಳಿಗೆ ಕರೆದೊಯ್ಯಿರಿ.

ಬಿಸಿಲು ತಗುಲಿದರೆ

ತಲೆಸುತ್ತು, ವಾಕರಿಕೆ, ಅತಿಯಾದ ಬಳಲಿಕೆಗಳು ಎಚ್ಚರಿಕೆಯ ಚಿಹ್ನೆಗಳು. ಕೂಡಲೇ ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ನೀರು ಕುಡಿಸಿರಿ. ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಪ್ರಾಣಕ್ಕೆ ಅಪಾಯವಿದೆಯೆಂದು ತಿಳಿಯಿರಿ. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಲಿ. ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ಒದ್ದೆಬಟ್ಟೆ ಇಡಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಕೂಡದು.

ನೀರಿನ ಬಳಿ ಒಬ್ಬರ ಕಣ್ಣು

ರಜೆಯಲ್ಲಿ ಮಹಾಲಕ್ಷ್ಮಿ ಲೇಔಟಿನ ಆ ಮಕ್ಕಳೂ ಒಂದು ವಾರ ಅಜ್ಜಿಯ ಊರಿಗೆ, ಎಂದರೆ ನಿಮ್ಮೂರಿಗೆ ಬರುತ್ತಾರೆ. ಕೆರೆಯ ಆಳವನ್ನೂ ಬಾವಿಯ ಪಾಚಿಯನ್ನೂ ಅವರು ಅರಿಯರು. ಊರಿನ ಮಕ್ಕಳು ನೀರಿಗಿಳಿದರೆ ಅವರೂ ಇಳಿಯುತ್ತಾರೆ. ಬೇಸಿಗೆಯ ರಜೆಯಲ್ಲಿ ಅತ್ಯಂತ ದಾರುಣವಾದ ಸಾವುಗಳು ಸಂಭವಿಸುವುದು ಇಲ್ಲಿಯೇ.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯಾಶ್ರಿತ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿವೆ. ಬೆಳೆಗೆ ಅವು ವರದಾನವೇ ಸರಿ. ಆದರೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯು ನೀರು ತಾಗಿದಾಗ ಬಹಳ ಜಾರುತ್ತದೆ. ಬಿದ್ದ ಮಗುವಿಗೆ ಹಿಡಿಯಲು ಆಸರೆಯೇ ಇಲ್ಲ. ಕಾಪಾಡಲು ಧುಮುಕಿದವರೂ ಮೇಲೇರಲಾರರು. ಆದ್ದರಿಂದ ಹೊಂಡದ ಸುತ್ತ ಬೇಲಿ ಹಾಕಿರಿ. ಗಟ್ಟಿಯಾದ ಗೂಟಕ್ಕೆ ಗಂಟುಗಳಿರುವ ಹಗ್ಗವನ್ನು ಕಟ್ಟಿ ನೀರಿನವರೆಗೆ ಇಳಿಬಿಡಿರಿ.

ಹತ್ತಾರು ಹಿರಿಯರು ದಡದಲ್ಲಿದ್ದಾಗಲೂ ಮಕ್ಕಳು ಮುಳುಗುವುದುಂಟು. ಬೇರೆ ಯಾರಾದರೂ ನೋಡುತ್ತಿರುವರೆಂದು ಪ್ರತಿಯೊಬ್ಬರೂ ಭಾವಿಸುವುದೇ ಇದಕ್ಕೆ ಕಾರಣ. ಆದುದರಿಂದ ಹೆಸರು ಹಿಡಿದು ಒಬ್ಬರನ್ನು ಕಾವಲಿಗೆ ನೇಮಿಸಿರಿ. ಆ ಹೊತ್ತಿನಲ್ಲಿ ಅವರಿಗೆ ಮೊಬೈಲು, ಅಡುಗೆ, ಹರಟೆ ಯಾವುದೂ ಬೇಡ. ಅರ್ಧ ಗಂಟೆಯ ಬಳಿಕ ಸರದಿ ಬದಲಾಗಲಿ. ಇದು ತಾಯಿಯೊಬ್ಬಳ ಕೆಲಸವಲ್ಲ. ತಂದೆಯೂ ಸಮನಾಗಿ ಹೊರಬೇಕಾದ ಹೊಣೆ.

ಯಾರಾದರೂ ಮುಳುಗುತ್ತಿದ್ದರೆ ನೀರಿಗೆ ಹಾರದೆ ಹಗ್ಗ, ಗಳ ಅಥವಾ ಸೀರೆಯನ್ನು ಚಾಚಿರಿ. ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಎಸೆಯಿರಿ. ಮೇಲೆತ್ತಿದ ಮಗುವನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ತಪ್ಪು. ಉಸಿರಾಟ ನಿಂತಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಊದಿ, ಎದೆಯ ನಡುಭಾಗವನ್ನು ಒತ್ತುತ್ತ, 108ರ ವಾಹನ ಬರುವವರೆಗೂ ಬಿಡದೆ ಮುಂದುವರಿಸಿರಿ. ಈ ಕ್ರಮವನ್ನು ತಿಳಿದ ಆರೋಗ್ಯ ಸಿಬ್ಬಂದಿಯಿಂದ ಗಂಡಹೆಂಡಿರಿಬ್ಬರೂ ಮೊದಲೇ ಕಲಿತಿರುವುದು ಲೇಸು.

ಹೊರಡುವ ಮುನ್ನ

ಹಿಂದಿನ ರಾತ್ರಿ ಮಕ್ಕಳು ಮಲಗಿದ ಮೇಲೆ ನೀವಿಬ್ಬರೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಎಷ್ಟು ಹೊತ್ತಿಗೆ ಹಿಂದಿರುಗುವೆವು? ನೀರನ್ನು ಯಾರು ಹೊರುವರು? ಯಾವ ಮಗುವಿನ ಮೇಲೆ ಯಾರ ಕಣ್ಣು? ಉತ್ತರ ದೊರೆತರೆ ಧಾರಾಳವಾಗಿ ಹೊರಡಿರಿ. ಮಕ್ಕಳು ಮನದಣಿಯೆ ಆಡಲಿ.

ಹೆಚ್ಚಿನ ತಿಳಿವಳಿಕೆಗೆ ಹಾಗೂ ಓ.ಆರ್.ಎಸ್. ಪೊಟ್ಟಣಗಳಿಗೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿರಿ.