ಮೊದಲನೆಯ ಜೆಟ್ ಮಾದರಿಯ ಗಾತ್ರವೆಷ್ಟಿರಬೇಕು?

ನಮ್ಮ ವಿದ್ಯಾರ್ಥಿಯೊಬ್ಬನು ವರ್ಷವೆಲ್ಲ ಕೂಡಿಟ್ಟ ಹಣದಿಂದ ಪುಟ್ಟದೊಂದು ಜೆಟ್ ವಿಮಾನದ ಮಾದರಿಯನ್ನು ಕೊಂಡು ತಂದನು. ಚಿಕ್ಕದನ್ನು ಹಾರಿಸುವುದು ಸುಲಭವೆಂಬುದು ಅವನ ಎಣಿಕೆಯಾಗಿತ್ತು. ಅರ್ಧ ನಿಮಿಷದೊಳಗಾಗಿ ಅದು ಆಗಸದಲ್ಲಿ ಚುಕ್ಕೆಯಾಯಿತು. ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದೆ ಅವನು ತಪ್ಪು ದಿಕ್ಕಿಗೆ ತಿರುಗಿಸಿದನು. ಮಾದರಿ ನೆಲಕ್ಕೆ ಬಡಿದು ಚೂರಾಯಿತು. ಇನ್ನು ದೊಡ್ಡದನ್ನೇ ಕೊಳ್ಳುವೆನೆಂದು ಅವನು ಹೊರಟಾಗ ನಾವು ತಡೆಯಬೇಕಾಯಿತು. ಈ ಎರಡು ಎಣಿಕೆಗಳೂ ಏಕೆ ತಪ್ಪೆಂಬುದನ್ನು ವಿಚಾರಿಸೋಣ.

ಇಂತಹ ಮಾದರಿಯೊಳಗೆ ಉರಿಯುವ ಇಂಧನವಿಲ್ಲ. ವಿದ್ಯುತ್ ಮೋಟಾರೊಂದು ಕೊಳವೆಯೊಳಗೆ ಹಲವು ಅಲಗುಗಳ ಫ್ಯಾನನ್ನು ತಿರುಗಿಸುತ್ತದೆ. ಫ್ಯಾನು ಮುಂದಣ ಗಾಳಿಯನ್ನು ಸೆಳೆದು ಹಿಂದಕ್ಕೆ ದೂಡುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ವಿಮಾನವು ಮುಂದಕ್ಕೆ ಸಾಗುತ್ತದೆ. ಇದನ್ನೇ ಡಕ್ಟೆಡ್ ಫ್ಯಾನ್ ಎನ್ನುವರು. ಮಾದರಿಯ ಗಾತ್ರವನ್ನು ಸಾಮಾನ್ಯವಾಗಿ ಫ್ಯಾನಿನ ವ್ಯಾಸದಿಂದಲೇ ಹೇಳುವುದು ರೂಢಿ: 50, 64, 70, 80, 90 ಮಿಲಿಮೀಟರ್, ಹೀಗೆ.

ನೂಕುಬಲವು ಸೆಕೆಂಡಿಗೆ ಹೊರಬೀಳುವ ಗಾಳಿಯ ದ್ರವ್ಯರಾಶಿಯನ್ನೂ ಅದರ ವೇಗವನ್ನೂ ಗುಣಿಸಿದಷ್ಟು. ಆದರೆ ಅದಕ್ಕೆ ವ್ಯಯವಾಗುವ ಶಕ್ತಿಯು ವೇಗದ ವರ್ಗವನ್ನು ಅನುಸರಿಸುತ್ತದೆ. ಒಂದು ಕಿಲೋಗ್ರಾಂ ತೂಕಕ್ಕೆ ಸಮೀಪವಾದ 10 ನ್ಯೂಟನ್ ನೂಕುಬಲ ಬೇಕೆನ್ನೋಣ. ನಷ್ಟಗಳನ್ನು ಬಿಟ್ಟು ಲೆಕ್ಕ ಹಾಕಿದರೆ, 70 ಮಿ.ಮೀ. ಫ್ಯಾನು ಗಾಳಿಯನ್ನು ಸೆಕೆಂಡಿಗೆ ಸುಮಾರು 46 ಮೀಟರ್ ವೇಗದಿಂದ ದೂಡಬೇಕು. ಅದಕ್ಕೆ 230 ವಾಟ್ ಸಾಕು. 50 ಮಿ.ಮೀ. ಫ್ಯಾನಿಗಾದರೋ 65 ಮೀಟರ್ ವೇಗವೂ 325 ವಾಟ್ ಶಕ್ತಿಯೂ ಬೇಕು. ಚಿಕ್ಕ ಫ್ಯಾನು ಬ್ಯಾಟರಿಯನ್ನು ಬೇಗನೆ ಬರಿದು ಮಾಡುವುದು ಇದರಿಂದಲೇ. ಮೇಲಾಗಿ, ಪುಟ್ಟ ವಿಮಾನವನ್ನು ಗಾಳಿಯು ಸುಲಭವಾಗಿ ಅಲುಗಿಸುತ್ತದೆ. ಕಣ್ಣಿಗೂ ಅದು ಬೇಗನೆ ಮರೆಯಾಗುತ್ತದೆ.

ಹಾಗಾದರೆ ದೊಡ್ಡದು ಒಳ್ಳೆಯದೆ? ಒಂದೇ ರಚನೆಯನ್ನು ಎಲ್ಲ ಕಡೆಯಿಂದಲೂ ಇಮ್ಮಡಿಸಿದರೆ ತೂಕವು 8 ಪಟ್ಟಾಗುತ್ತದೆ, ರೆಕ್ಕೆಯ ವಿಸ್ತೀರ್ಣ 4 ಪಟ್ಟು ಮಾತ್ರ. ರೆಕ್ಕೆಯ ಹೊರೆ ಇಮ್ಮಡಿಯಾದುದರಿಂದ, ಬೀಳದೆ ಹಾರಲು ಬೇಕಾದ ಕನಿಷ್ಠ ವೇಗವು ಸುಮಾರು 1.4 ಪಟ್ಟಾಗುತ್ತದೆ. ಈಗ ಚಲನಶಕ್ತಿಯನ್ನು ನೋಡಿರಿ: 1 ಕಿಲೋಗ್ರಾಮಿನ ಮಾದರಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿದ್ದರೆ ಅದು 200 ಜೂಲ್, ಇಮ್ಮಡಿ ಗಾತ್ರದ್ದು ತನಗೆ ತಕ್ಕ ವೇಗದಲ್ಲಿದ್ದರೆ 3,200 ಜೂಲ್, ಅಂದರೆ 16 ಪಟ್ಟು. 8 ಕಿಲೋಗ್ರಾಮಿನ ಕಲ್ಲು 40 ಮೀಟರ್ ಎತ್ತರದಿಂದ ಬಿದ್ದಂತೆ! ಕಲಿಯುವವನ ಕೈ ತಪ್ಪಿದಾಗ ಹೋಗುವುದು ಅವನ ಹಣ ಮಾತ್ರವಲ್ಲ. ಬಯಲಿನಲ್ಲಿ ನಿಂತವರ ಪ್ರಾಣಕ್ಕೂ ಅಪಾಯವುಂಟು.

ಆದುದರಿಂದ ನಡುವಣ ಗಾತ್ರವೇ ಲೇಸು. 64 ಮಿ.ಮೀ. ಮಾದರಿಯು 3 ಅಥವಾ 4 ಕೋಶಗಳ ಬ್ಯಾಟರಿಯಿಂದ ಹಾರಬಲ್ಲದು. ಹಗುರವಾದುದನ್ನು ಕೈಯಿಂದಲೇ ಎಸೆದು ಹಾರಿಸಬಹುದು. ಗಾಲಿಗಳ ಮೇಲೆ ಓಡಿಸಲು ನುಣುಪಾದ ನೆಲವು ದೊರೆಯುವುದಾದರೆ 70 ಮಿ.ಮೀ. ಆಗಬಹುದು. ನೂಕುಬಲವು ಮಾದರಿಯ ತೂಕದ ಮುಕ್ಕಾಲು ಪಾಲಿಗೆ ಕಡಿಮೆಯಿರಬಾರದು. ಹಿಂದಕ್ಕೆ ಬಾಗಿದ ರೆಕ್ಕೆಯ ಯುದ್ಧವಿಮಾನದ ಸೊಬಗಿಗೆ ಮರುಳಾಗದೆ, ನೇರ ರೆಕ್ಕೆಯ ತರಬೇತಿ ವಿಮಾನದ ರೂಪವನ್ನು ಆರಿಸಬೇಕು. ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯು ರೂಪಿಸಿದ, 1964ರಲ್ಲಿ ಮೊದಲು ಹಾರಿದ 'ಕಿರಣ್' ಅಂತಹುದೇ ರೂಪದ್ದು.

ಗಾತ್ರವು ಸರಿಯಾಗಿದ್ದರೂ ಜೆಟ್ ಮಾದರಿಯ ಸ್ವಭಾವವೊಂದನ್ನು ಮರೆಯಬಾರದು. ಮುಂದುಗಡೆ ಪ್ರೊಪೆಲರ್ ಇರುವ ವಿಮಾನದಲ್ಲಿ ಅದರ ಗಾಳಿಯು ಬಾಲದ ಮೇಲೆ ಬೀಸುವುದರಿಂದ ನಿಧಾನವಾಗಿ ಹಾರುವಾಗಲೂ ಹಿಡಿತವಿರುತ್ತದೆ. ಜೆಟ್ ಮಾದರಿಗೆ ಈ ನೆರವಿಲ್ಲ. ಫ್ಯಾನು ವೇಗಗೊಳ್ಳಲು ಕೊಂಚ ಕಾಲವೂ ಬೇಕು. ಇಳಿಯುವಾಗ ವೇಗವನ್ನು ಬಹುವಾಗಿ ತಗ್ಗಿಸಿ, ಆಮೇಲೆ ನೂಕುಬಲವನ್ನು ಹುಡುಕಿದರೆ ಫಲವಿಲ್ಲ. ಬ್ಯಾಟರಿಯು ತೀರುವ ಮುನ್ನ, ಮೂರು ನಾಲ್ಕು ನಿಮಿಷಗಳಲ್ಲಿಯೇ ಇಳಿಸುವುದು ಜಾಣತನ. ಹಾರಾಟಕ್ಕೆ ಅನುಮತಿಯುಳ್ಳ ಜಾಗವನ್ನೂ, 2021ರ ಡ್ರೋನ್ ನಿಯಮಗಳಲ್ಲಿ ತನ್ನ ಮಾದರಿಯ ತೂಕವು ಯಾವ ವರ್ಗಕ್ಕೆ ಸೇರುವುದೆಂಬುದನ್ನೂ ಮೊದಲೇ ತಿಳಿದುಕೊಳ್ಳಬೇಕು.

ನಮ್ಮ ವಿದ್ಯಾರ್ಥಿಯು ಈಗ ಪ್ರೊಪೆಲರಿನ ಸಾದಾ ಮಾದರಿಯೊಂದರಲ್ಲಿ ಕೈ ಪಳಗಿಸುತ್ತಿದ್ದಾನೆ. ಅದು ತನ್ನ ಕಡೆಗೆ ಮುಖ ಮಾಡಿ ಬರುವಾಗಲೂ ಎಡಬಲಗಳನ್ನು ತಪ್ಪದೆ ನಡೆಸಲು ಬಂದ ದಿನ 64 ಮಿ.ಮೀ. ಜೆಟ್ಟನ್ನು ಕೊಳ್ಳಬೇಕೆಂದು ಅವನೂ ನಾವೂ ಒಪ್ಪಿದ್ದೇವೆ.